ಘೋರ ಅನ್ನಲಿಲ್ಲ

ಹೊಳಗುಂದ
4 ಮಾರ್ಚ್ 2024

ತಮ್ಮ ಸಿದ್ದಬಸಪ್ಪನಿಗೆ,

ಶರಣು. ನಾನು ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವ ಮನಸ್ಸು ಇವತ್ತಿಲ್ಲ, ಅದಕ್ಕೇ ಕೇಳುತ್ತಿಲ್ಲ.

ಎಂಟು ದಿನದಿಂದ ಫೋನ್ ಮಾಡುತ್ತಿದ್ದೇನೆ. ಮೂರು ಸಾರಿ ಎತ್ತಿದೆ. ಮೂರು ಸಾರಿಯೂ ನಾನು "ಲಿಂಗಕ್ಕ" ಅನ್ನುತ್ತಿದ್ದಂತೆ "ಅಕ್ಕಾ, ಸಿಗ್ನಲ್ ಇಲ್ಲ" ಎಂದು ಇಟ್ಟುಬಿಟ್ಟೆ. ಆದೋನಿ ಪೇಟೆಯ ನಟ್ಟನಡುವೆ ಕೂತವನಿಗೆ ಸಿಗ್ನಲ್ ಇಲ್ಲ, ಹೊಳಗುಂದದ ನನ್ನ ಅಡುಗೆಮನೆಯಲ್ಲಿ ಭರ್ತಿ ಇದೆ! ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಹಾಕಿದರೆ ಇನ್ನೊಂದು ಬರೆಯುತ್ತೇನೆ. ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಇದು, ಸುಸ್ತಾಗುವುದಿಲ್ಲ.

ಮೊನ್ನೆ ಭೀಮಲಿಂಗಪ್ಪ ಬಂದಿದ್ದ. ಲಿಂಗಕ್ಕನ ಗಂಡ. ನಿನ್ನ ಹತ್ತಿ ಮಿಲ್ಲಿನಲ್ಲಿ ಸತ್ತವಳ ಗಂಡ ಅಂತ ಬರೆದರೆ ನಿನಗೆ ಬೇಗ ನೆನಪಾಗಬಹುದು. ಕುರಿಗಳನ್ನು ಬಯಲಿಗೆ ಬಿಟ್ಟು ನೇರ ನಮ್ಮ ಕಟ್ಟೆಗೆ ಬಂದು ಕೂತ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ತೆಲುಗು ಕಾಗದ.

"ಟೀಚರಮ್ಮಾ, ಇದಕ್ಕ ನನ್ನ ಹೆಬ್ಬಟ್ಟು ಒತ್ತಿಸ್ಕೊಂಡಾರ. ಏನ್ ಬರದಾರ ಒಂದೀಟು ಓದಿ ಹೇಳ್ರಿ" ಅಂದ.

ಓದಿದೆ. ನಿನ್ನ ಮಗ ಸೋಮೇಶ ಕಾರ್ಖಾನೆ ಇಲಾಖೆಗೆ ಕೊಟ್ಟ ಹೇಳಿಕೆಯ ನಕಲು. ಕೆಳಗೆ ಮಾಲೀಕ ಅಂತ ನಿನ್ನ ಸಹಿ. "ಮೃತಳು ಸೆರಗನ್ನು ಸಡಿಲ ಬಿಟ್ಟುಕೊಂಡು, ತನ್ನ ಅಜಾಗರೂಕತೆಯಿಂದ ಮಷೀನಿನ ಬೆಲ್ಟಿನ ಹತ್ತಿರ ಹೋದ ಕಾರಣ ಅನುಕೋನಿ ಘಟನ ನಡೆಯಿತು." ಎಣಿಸದೆ ಆದ ಒಂದು ಘಟನೆ! ಯಾರ ಮನೆಯ ಬೆಕ್ಕು ಹಾಲು ಚೆಲ್ಲಿತೋ ಅನ್ನುವ ಹಾಗೆ.

ಭೀಮಲಿಂಗಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವನು ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದ. ಆಮೇಲೆ, "ಆಕಿ ಅಂಗಿ ಹಾಕ್ಕೊಂಡು ಸೆರಗು ಒಳಗ ಸಿಗಿಸ್ಕೊಂತಿದ್ಲಲ್ರಿ" ಅಂದ. ಮತ್ತೆ ತಾನೇ, "ಓದಿದಾರು ಬರದಾರ. ಇದ್ದಿರಬೇಕು ಬಿಡ್ರಿ" ಅಂದ. ನನಗೆ ನಿನ್ನ ಕೆನ್ನೆಗೆ ಬಿಗಿಯಬೇಕು ಅನ್ನಿಸಿತು. ನೀನು ಅರವತ್ತು ದಾಟಿದವನು, ಮೊಮ್ಮಗಳನ್ನು ಕಂಡವನು. ಆದರೂ ಅನ್ನಿಸಿತು.

ನಿನ್ನ ಬಾಯಲ್ಲಿ ದಿನಕ್ಕೆ ಹತ್ತು ಸಾರಿ ಬರುವ ಮಾತೊಂದಿದೆಯಲ್ಲ, ಘೋರ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ "ಇದೇನ್ ಘೋರ ಐತಲೇ". ಮದುವೆಮನೆಯ ಪಾಯಸ ಘೋರ, ಎಮ್ಮಿಗನೂರು ರಸ್ತೆ ಘೋರ, ಅಳಿಯ ತಂದ ಅಂಗಿಯ ಬಣ್ಣ ಘೋರ. ತೆಲುಗಿನ ಗೆಳೆಯರ ಜೊತೆ ಕೂತರೆ ಅದಕ್ಕೊಂದು ಬಾಲ ಹಚ್ಚಿ "ಘೋರಂ ರಾ" ಅನ್ನುತ್ತೀ. ನನ್ನ ಕ್ಲಾಸಿನ ಮಕ್ಕಳೂ ಹಾಗೇ ಬರೆಯುತ್ತಿದ್ದರು, "ನಿನ್ನೆಯ ಬಿಸಿಲು ಘೋರವಾಗಿತ್ತು" ಅಂತ. ಕೆಂಪು ಗೀಟು ಎಳೆಯುತ್ತಿದ್ದೆ. ಬಿಸಿಲು ಜೋರಾಗಿರುತ್ತದೆ, ಪಾಯಸ ಕೆಟ್ಟದ್ದಾಗಿರುತ್ತದೆ. ಮನುಷ್ಯ ಕಂಡು ಸುಮ್ಮನೆ ಕೂರಲಾಗದ್ದು ಅಂತ ಒಂದಿರುತ್ತದೆ, ಅದಕ್ಕೆ ಮಾತ್ರ ಈ ಪದ ಇಟ್ಟುಕೊಳ್ಳಿರಿ ಅನ್ನುತ್ತಿದ್ದೆ. ಪಾಯಸಕ್ಕೆ ಖರ್ಚು ಮಾಡಿದ ಆ ಪದ ಲಿಂಗಕ್ಕನ ಹೊತ್ತಿಗೆ ನಿನ್ನಲ್ಲಿ ಮುಗಿದುಹೋಗಿತ್ತೇನು?

ಜೂನ್ ಇಪ್ಪತ್ತೈದಕ್ಕೆ ಅಧಿಕಾರಿ ಎಲ್ಲರನ್ನೂ ಕರೆಸಿ ಮತ್ತೆ ಕೇಳುತ್ತಾರಂತೆ. ಅಲ್ಲಿಯತನಕ ತಿದ್ದಲು ಅವಕಾಶವಿದೆ. ತಿದ್ದಿಸು. ತನ್ನ ಸಾವಿಗೆ ತಾನೇ ಕಾರಣ ಅಂತ ಸರ್ಕಾರದ ಕಾಗದದಲ್ಲಿ ಆಕೆಯ ಹೆಸರು ಉಳಿಯಬಾರದು. ನನಗೆ ಬೇಕಾದದ್ದು ಇಷ್ಟೇ.

ನಿನ್ನ ಅಕ್ಕ,
ಗುರುಲಿಂಗಮ್ಮ


ಆದೋನಿ
16 ಮಾರ್ಚ್ 2024

ಅಕ್ಕಗ ಶರಣು.

ನಿನ್ನಂಗ ಪುಸ್ತಕದ ಕನ್ನಡ ನನಗ ಬರೂದಿಲ್ಲ. ಸಾಲಿ ಕಲತದ್ದು ತೆಲುಗಿನಾಗ, ಬದುಕಿದ್ದು ಹತ್ತಿಯಾಗ. ಮಾತಾಡಿದಂಗ ಬರೀತೀನಿ, ತಪ್ಪಿದ್ರ ಕೆಂಪು ಗೀಟು ಎಳಕೋ.

ಆ ಹೇಳಿಕಿ ನಾ ಬರೆಸಿಲ್ಲ. ಸೋಮೇಶ ವಕೀಲರ ಹಂತ್ಯಾಕ ಹೋಗಿ ಬರೆಸ್ಯಾನ. ಹಂಗಾ ಬರೀಬೇಕಂತ, ಇಲ್ಲಂದ್ರ ಮಿಲ್ಲಿಗೆ ಬೀಗ ಬೀಳ್ತೈತಂತ. ಬೀಗ ಬಿದ್ರ ಅರವತ್ತು ಮಂದಿ ಎಲ್ಲಿ ಹೋಗಬೇಕು? ಅದರಾಗ ನಿಮ್ಮ ಊರಿನಾರೇ ಹದಿನೆಂಟು ಮಂದಿ ಅದಾರ. ಅವ್ರಿಗೂ ಒಂದು ಕಾಗದ ಬರೀತೀಯೇನು?

ಇನ್ನ ಆ ಪದದ ಮಾತು. ಮಿಲ್ಲಿನಾಗ ತಕ್ಕಡಿ ಮುಂದ ಕುಂತು ಹಂಥಾ ಮಾತು ಆಡಬಾರದು ಅಂತ ಅಪ್ಪಾಜಿ ನಮಗ ಹೇಳಿಕೊಟ್ಟಿರಲಿಲ್ಲೇನು? ದೀಪ ಆರಿತು ಅನಬ್ಯಾಡ್ರಿ, ಶಾಂತ ಆತು ಅನ್ರಿ. ಬಳಿ ಒಡೀತು ಅನಬ್ಯಾಡ್ರಿ, ಹೆಚ್ಚಾತು ಅನ್ರಿ. ಹಾಳಿ ಮ್ಯಾಲೆ ಬರದ್ರಂತೂ ಅದು ಹೋಗೂದೇ ಇಲ್ಲ. ಮಿಲ್ಲಿನ ಹೆಸರಿನ ಬಾಜೂಕ ಹಂಥಾ ಮಾತು ನಾ ಹೆಂಗ ಬರೆಸಲಿ?

ನಾನೂ ಮನಷ್ಯಾನ ಅದೀನಿ ಅಕ್ಕಾ. ಅವತ್ತು ಆಕಿ ಜೋಡಿ ಆಸ್ಪತ್ರ್ಯಾಗ ಇದ್ದಾವ ನಾನು. ಸೋಮೇಶ ಇರಲಿಲ್ಲ, ಮೇಸ್ತ್ರಿ ತಿಪ್ಪೇಶ ಇರಲಿಲ್ಲ. ನನ್ನ ಪಂಚಿಯೆಲ್ಲಾ ರಕ್ತ ಆಗಿತ್ತು. ನನ್ನ ಸೊಸಿ ಅಶ್ವಿನಿ ಅದನ್ನ ಒಗೀಲಾರದ ಸುಟ್ಟಳು.

ಯುಗಾದಿಗೆ ಬಾ. ಭಾವನ್ನೂ ಕರಕೊಂಡು ಬಾ. ಎದುರಿಗೆ ಕುಂತು ಮಾತಾಡೂಣು.

ಸಿದ್ದಬಸಪ್ಪ


ಹೊಳಗುಂದ
22 ಮಾರ್ಚ್ 2024

ಸಿದ್ದಬಸಪ್ಪಾ,

ಯುಗಾದಿಗೆ ಬರುವುದಿಲ್ಲ. ಆ ಕಾಗದ ತಿದ್ದುವತನಕ ನಿನ್ನ ಹೊಸ್ತಿಲು ತುಳಿಯುವುದಿಲ್ಲ. ಹೋಳಿಗೆ ಕಳಿಸಬೇಡ, ಕಳಿಸಿದರೆ ತಂದವನ ಕೈಯಲ್ಲೇ ವಾಪಸು ಕಳಿಸುತ್ತೇನೆ. ನಿಮ್ಮ ಭಾವನವರು "ಹೋಗಲಿ ಬಿಡು, ಒಡಹುಟ್ಟಿದಾವ" ಅಂದರು. ಅವರ ಜೊತೆಗೂ ಎರಡು ದಿನದಿಂದ ಮಾತು ಬಿಟ್ಟಿದ್ದೇನೆ.

ಅಪ್ಪಾಜಿಯ ಹೆಸರು ಎತ್ತಿದೆಯಾ? ಎತ್ತು. ದೀಪ ಶಾಂತವಾಯಿತು ಅನ್ನುತ್ತಿದ್ದರು, ನಿಜ. ಆದರೆ ಹಾಗಂದು ಕತ್ತಲಲ್ಲಿ ಕೂತಿರುತ್ತಿದ್ದರೇನು? ಎದ್ದು ಎಣ್ಣೆ ಹಾಕುತ್ತಿದ್ದರು. ನೀನು ಕೆಟ್ಟ ಮಾತು ಆಡಬಾರದು ಅಂತ ಹೆದರಿ ಸುಳ್ಳು ಮಾತು ಬರೆಸಿದ್ದೀ. ಅದನ್ನು ಅಪ್ಪಾಜಿಯ ತಲೆಗೆ ಕಟ್ಟಲು ನಾಚಿಕೆಯಾಗಬೇಕು.

ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ಬರೆಯುತ್ತೇನೆ. ನಿನ್ನ ಮಿಲ್ಲಿನ ಅದೇ ಸಾಲಿನಲ್ಲಿ ಕೆಲಸ ಮಾಡುವ ನಾಗಜ್ಯೋತಿ ಶಿವರಾತ್ರಿಗೆ ಊರಿಗೆ ಬಂದಿದ್ದಳು. ಬಾಗಿಲು ಹಾಕಿಕೊಂಡು ಹೇಳಿದಳು. ಬೆಲ್ಟಿನ ಮೇಲೆ ಕಬ್ಬಿಣದ ಜಾಲರಿ ಇರಬೇಕಂತೆ. ಡಿಸೆಂಬರಿನಲ್ಲಿ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಬೆಲ್ಟಿನ ಕೆಳಗೆ ಹತ್ತಿ ಸಿಕ್ಕಿಕೊಂಡಾಗ ಪ್ರತಿ ಸಾರಿ ಮಷೀನ್ ನಿಲ್ಲಿಸಿ, ಜಾಲರಿ ಬಿಚ್ಚಿ, ತೆಗೆದು, ಮತ್ತೆ ಕೂರಿಸಲು ಅರ್ಧ ಗಂಟೆ ಹಾಳಾಗುತ್ತದೆ ಅಂತ. ಆ ದಿನವೂ ಹತ್ತಿ ಸಿಕ್ಕಿತ್ತು. ತಿಪ್ಪೇಶ ದೂರದಿಂದ ಕೂಗಿದನಂತೆ, "ನಿಲ್ಲಿಸಬ್ಯಾಡ್ರಿ, ಹಂಗೇ ಕೈ ಹಾಕಿ ತೆಗೀರಿ" ಅಂತ. ಲಿಂಗಕ್ಕ ಕೈ ಹಾಕಿದಳು.

ಸೆರಗಂತೆ ಸೆರಗು! ನಿನ್ನ ಮಿಲ್ಲಿನ ಹೆಂಗಸರು ಹತ್ತಿಯ ಧೂಳಿಗೆ ಹೆದರಿ ಸೀರೆಯ ಮೇಲೆ ಗಂಡಸರ ಅಂಗಿ ತೊಡುವುದು ಊರಿಗೆಲ್ಲ ಗೊತ್ತು. ಲಿಂಗಕ್ಕ ಪ್ರತಿ ಸೋಮವಾರ ಬೆಳಿಗ್ಗೆ ಭೀಮಲಿಂಗಪ್ಪನ ಹಳೆಯ ನೀಲಿ ಅಂಗಿ ತೊಟ್ಟು, ಗುಂಡಿ ಕುತ್ತಿಗೆಯತನಕ ಹಾಕಿಕೊಂಡು, ಬುತ್ತಿ ಹಿಡಿದು ನಮ್ಮ ಮನೆಯ ಮುಂದೆಯೇ ಬಸ್ಸಿಗೆ ಹೋಗುತ್ತಿದ್ದಳು. ಶನಿವಾರ ಸಂಜೆ ಬರುತ್ತಿದ್ದಳು. ನಾನು ನೋಡಿದವಳು. ಬೇಕಾದರೆ ಅಧಿಕಾರಿಯ ಮುಂದೆ ನಿಂತು ಹೇಳುತ್ತೇನೆ.

ಇನ್ನೊಂದು ಕೇಳು. ಆ ಮನೆ ಈಗ ಎರಡಾಗಿದೆ. ಮಗಳು ಭವಾನಿ, ನನ್ನ ಶಾಲೆಯಲ್ಲಿ ಓದಿದವಳು, ಈಗ ಮದ್ದಿಕೇರದ ಚಿಕ್ಕಮ್ಮನ ಮನೆ ಸೇರಿದ್ದಾಳೆ. ಅಪ್ಪನ ಜೊತೆ ಮಾತಿಲ್ಲ. ಆ ದಿನ ಭೀಮಲಿಂಗಪ್ಪ ಆಸ್ಪತ್ರೆ ಮುಟ್ಟಿದ್ದು ಸಂಜೆ ಆರಕ್ಕೆ, ಆಕೆಯ ಜೀವ ಹೋದ ಮೇಲೆ. ಮಣ್ಣು ಮುಗಿಸಿ ಬಂದ ದಿನ ಹತ್ತು ಜನರ ಎದುರು ಭವಾನಿ ಅಂದಳು, "ಅವ್ವ ಅಲ್ಲಿ ಸಾಯಾಕತ್ತಿದ್ಲು, ನೀ ಇಲ್ಲಿ ಕುಂತು ಉಂಡು ಬಂದಿ. ನಿನಗ ಹೊಟ್ಟಿ ದೊಡ್ಡದಾತು." ಅವನು ತುಟಿ ಬಿಚ್ಚಲಿಲ್ಲ. ನಾನೂ ಅಲ್ಲೇ ಇದ್ದೆ. ಈಗ ನಿನ್ನ ಕಾಗದ ಬಂದು, ಸತ್ತವಳದ್ದೇ ತಪ್ಪು ಅನ್ನುತ್ತಿದೆ. ಒಂದು ಮನೆಯನ್ನು ಎಷ್ಟು ಸಾರಿ ಮುರಿಯುತ್ತೀರಿ?

ತಿದ್ದಿಸು. ಇನ್ನೇನೂ ಬರೆಯಬೇಡ.

ಗುರುಲಿಂಗಮ್ಮ


ಆದೋನಿ
3 ಏಪ್ರಿಲ್ 2024

ಅಕ್ಕಾ,

ಬರೆಯಬೇಡ ಅಂದಿ. ಬರೀತೀನಿ. ಇಷ್ಟು ದಿನ ಬಾಯಿ ಮುಚ್ಚಿದ್ದೆ, ನೀ ದೊಡ್ಡಾಕಿ ಅಂತ. ಇನ್ನ ಆಗೂದಿಲ್ಲ.

ಫೆಬ್ರವರಿ ಆರು, ಮಂಗಳವಾರ. ಮಧ್ಯಾಹ್ನ ಒಂದು ಗಂಟಿಗೆ ನಿನಗ ಫೋನ್ ಮಾಡಿದಾವ ಯಾರು? ನಾನು. ಭೀಮಲಿಂಗಪ್ಪಗ ಆರು ಸಲ ಮಾಡಿದೆ, ಎತ್ತಲಿಲ್ಲ. ಕುರಿ ಹಿಂದ ಇರ್ತಾನ, ಫೋನ್ ಮನ್ಯಾಗ ಇರ್ತೈತಿ. ಅದಕ್ಕ ನಿನಗ ಮಾಡಿದೆ. ಏನಂದೆ ನೆನಪೈತೇನು? ನನಗ ಒಂದೊಂದು ಅಕ್ಷರ ನೆನಪೈತಿ. "ಅಕ್ಕಾ, ಘೋರ ಆಗೈತಿ. ಲಿಂಗಕ್ಕನ ಕೈ ಭುಜದ ಮಟ ಹೋಗೈತಿ. ಡಾಕ್ಟರು ಉಳಿಯೂದು ಕಷ್ಟ ಅನ್ನಾಕತ್ತಾರ. ಭೀಮಲಿಂಗಪ್ಪನ್ನ ಈಗಿಂದೀಗ ಕಾರು ಮಾಡಿ ಕಳಿಸು." ಅವತ್ತು ಆ ಪದ ನನ್ನ ಹತ್ರ ಇತ್ತು. ನಿನ್ನ ಕೈಯಾಗ ಕೊಟ್ಟೆ. ನೀ ಏನ್ ಮಾಡಿದಿ?

ನೀ ಹೋಗಿ ಅವಗ ಏನಂದಿ ಅಂತ ಅವನ ಬಾಯಿಂದಲೇ ಕೇಳೀನಿ. ಆರಕ್ಕ ಆಸ್ಪತ್ರಿ ಬಾಗಲಾಗ ಬಂದು ನಿಂತ. ಇನ್ನೂ ನಗುಮಾರಿ ಇತ್ತು ಅವಂದು. "ಏನ್ ಗಾಬರಿ ಇಲ್ಲಂತ ಟೀಚರಮ್ಮ ಅಂದ್ರು. ಕೈಗೆ ಸ್ವಲ್ಪ ಪೆಟ್ಟಾಗೈತಂತ. ಉಂಡು ನಿಧಾನ ಹೋಗು ಅಂದ್ರು. ಅದಕ್ಕ ಕುರಿ ದೊಡ್ಡಿಗೆ ಹಾಕಿ, ಉಂಡು, ನಾಕೂವರಿ ಬಸ್ಸಿಗೆ ಬಂದೀನ್ರಿ ಸಾವಕಾರ್ರ" ಅಂದ. ಆಕಿ ಹೋಗಿ ಅರ್ಧ ತಾಸು ಆಗಿತ್ತು ಅಕ್ಕಾ. ನಾ ಅವಗ ಹೆಂಗ ಹೇಳಿದೆ ನನಗ ಗೊತ್ತು.

ಆಕಿಗೆ ಎಚ್ಚರ ಇತ್ತು. ಎರಡು ಗಂಟಿಗೆ ಕೇಳಿದಳು, "ನಮ್ಮನ್ಯಾರು ಬಂದ್ರೇನ್ರಿ?" ಅಂತ. ಮೂರಕ್ಕ ಕೇಳಿದಳು. ನಾಕಕ್ಕ ಕೇಳಿದಳು. ಬರಾಕತ್ತಾನ ತಂಗಿ, ದಾರಿಯಾಗ ಅದಾನ ಅಂದೆ. ಕಾರಿನಾಗ ಒಂದು ತಾಸಿನ ದಾರಿ. ಎರಡೂವರಿ ಮೂರಕ್ಕ ಅವ ಆಕಿ ಮುಂದ ಇರತಿದ್ದ. ಆಕಿ ಉಳೀತಿದ್ದಿಲ್ಲ, ಖರೆ. ಗಂಡನ ಮುಖ ನೋಡ್ತಿದ್ದಳಲ್ಲ?

ಮಗಳು ಹತ್ತು ಮಂದಿ ಮುಂದ ಅಪ್ಪನ್ನ ಉಂಡು ಬಂದಿ ಅಂತ ಬೈದಾಗ ನೀ ಅಲ್ಲೇ ಇದ್ದಿ ಅಂತ ನೀನೇ ಬರದಿ. ಇದ್ದು ಏನ್ ಮಾಡಿದಿ? ಉಂಡು ಹೋಗು ಅಂದಾಕಿ ನಾನು ಅಂತ ಒಂದು ಮಾತು ಅಂದಿಯೇನು?

ನನಗ ಪದ ಕಲಿಸಬ್ಯಾಡ.

ಸಿದ್ದಬಸಪ್ಪ


ಹೊಳಗುಂದ
10 ಜೂನ್ 2024

ಸಿದ್ದಬಸಪ್ಪಾ,

ಎರಡು ತಿಂಗಳು ಬರೆಯಲಿಲ್ಲ. ಮೊದಲು ಒಂದು ತಿಂಗಳು ನಿನ್ನ ಮೇಲಿನ ಸಿಟ್ಟಿಗೆ. ಆಮೇಲೆ ಯಾರ ಮೇಲಿನ ಸಿಟ್ಟು ಅಂತ ತಿಳಿಯಲಿಲ್ಲ. ಹೊತ್ತು ಹೋಗಲಿ ಅಂತ ಬೇಳೆ ಆರಿಸಲು ಕೂತರೆ ಕಲ್ಲು ಬಿಟ್ಟು ಬೇಳೆಯನ್ನೇ ಎಸೆಯುತ್ತಿದ್ದೆ.

ನೀನು ಬರೆದದ್ದೆಲ್ಲ ನಿಜ. ಒಂದಕ್ಷರವೂ ಹೆಚ್ಚಿಲ್ಲ.

ಅವತ್ತು ನಿನ್ನ ಫೋನ್ ಇಟ್ಟು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದೆ. ಓಡುವಾಗ ನನ್ನ ಬಾಯಲ್ಲಿ ನೀನು ಹೇಳಿದ ಮಾತೇ ಇತ್ತು. ಕುರಿದೊಡ್ಡಿಯ ಹತ್ತಿರ ಭೀಮಲಿಂಗಪ್ಪ ಒಂದು ಮರಿಯ ಕಾಲಿಗೆ ಸುಣ್ಣ ಅರಿಶಿನ ಹಚ್ಚುತ್ತಿದ್ದ. "ಏನ್ರಿ ಟೀಚರಮ್ಮಾ, ಬರಿಗಾಲಾಗ ಬಂದೀರಿ?" ಅಂತ ನಕ್ಕ. ಪಕ್ಕದಲ್ಲಿ ಬುತ್ತಿ ಇತ್ತು, ಇನ್ನೂ ಬಿಚ್ಚಿರಲಿಲ್ಲ. ನಮ್ಮ ಕಡೆ ಸಾವಿನ ಸುದ್ದಿ ಹೇಳುವ ಮೊದಲು ಉಣ್ಣಿಸುತ್ತೇವೆ. ಹೇಳಿದ ಮೇಲೆ ಅವರು ಎರಡು ದಿನ ತುತ್ತು ಮುಟ್ಟುವುದಿಲ್ಲ, ಹೆಣದ ಮುಂದೆ ತಲೆ ತಿರುಗಿ ಬೀಳುತ್ತಾರೆ ಅಂತ. ಅವ್ವ ಹಾಗೆ ಮಾಡುತ್ತಿದ್ದಳು. ಅಜ್ಜಿ ತೀರಿದಾಗ ನಮಗಿಬ್ಬರಿಗೂ ಮೊದಲು ರೊಟ್ಟಿ ತಿನ್ನಿಸಿ ಆಮೇಲೆ ಹೇಳಿದಳು. ಆ ಬುತ್ತಿ ಕಂಡದ್ದೇ ತಡ, ನನ್ನ ಬಾಯಿ ತಾನಾಗಿ "ಸ್ವಲ್ಪ ಪೆಟ್ಟಾಗೈತಂತ, ಉಂಡು ಹೋಗು" ಅಂದುಬಿಟ್ಟಿತು. ಲಿಂಗಕ್ಕ ಇನ್ನೂ ಬದುಕಿದ್ದಳು. ಬದುಕಿದ್ದವಳಿಗೆ ಸತ್ತವಳ ಪದ್ಧತಿ ಮಾಡಿದೆ. ಮೂವತ್ತನಾಲ್ಕು ವರ್ಷ ಮಕ್ಕಳ ವಾಕ್ಯಕ್ಕೆ ಕೆಂಪು ಗೀಟು ಎಳೆದ ಮಹಾತಾಯಿ!

ಮೊನ್ನೆ ಶುಕ್ರವಾರ ಅದೇ ದೊಡ್ಡಿಗೆ ಹೋದೆ. ನಿಂತುಕೊಂಡೇ ಹೇಳಿದೆ, "ಭೀಮಲಿಂಗಪ್ಪಾ, ಅವತ್ತು ನನಗ ಎಲ್ಲಾ ಗೊತ್ತಿತ್ತು. ಘೋರ ಆಗೈತಿ, ಕಾರು ಮಾಡಿ ಕಳಿಸು ಅಂತ ನನ್ನ ತಮ್ಮ ಹೇಳಿದ್ದ. ನಿನಗ ನಾನೇ ಮುಚ್ಚಿಟ್ಟೆ."

ಅವನು ತಲೆ ಎತ್ತಲಿಲ್ಲ. "ಗೊತ್ತೈತ್ರಿ" ಅಂದ.

"ಯಾವಾಗಿಂದ?"

"ಅವತ್ತ ಗೊತ್ತಾತ್ರಿ. ಆಸ್ಪತ್ರ್ಯಾಗ ಸಾವಕಾರ್ರು ತಲಿ ಬಡಕೊಂಡು ಅತ್ತರಲ್ಲ. ಅಕ್ಕಗ ಒಂದು ಗಂಟಿಗೇ ಹೇಳೀನಿ, ಒಂದು ಗಂಟಿಗೇ ಹೇಳೀನಿ ಅಂತಿದ್ರು."

"ಮತ್ತ ಮಗಳಿಗ್ಯಾಕ ಹೇಳಲಿಲ್ಲೋ? ಆಕಿ ಹತ್ತು ಮಂದ್ಯಾಗ ಅಷ್ಟು ಅಂದಾಗ ನನ್ನ ಹೆಸರು ಯಾಕ ಎತ್ತಲಿಲ್ಲ?"

ಅವನು ಕುರಿಗಳ ಕಡೆ ತಿರುಗಿದ. ನಾನು ಮತ್ತೆ ಕೇಳಿದೆ, ಜೋರಾಗಿಯೇ ಕೇಳಿದೆ. ಆಗ ಅಂದ, "ಆಕಿ ನಿಮ್ಮನ್ನ ಭಾಳ ಹಚ್ಕೊಂಡಾಳ್ರಿ. ಸಣ್ಣಾಕಿ ಇದ್ದಾಗಿಂದ ನಮ್ಮ ಟೀಚರ್ ನಮ್ಮ ಟೀಚರ್ ಅಂತಿರ್ತಾಳ. ಅವ್ವನೂ ಹೋದ್ಲು. ಮತ್ತ ನಿಮ್ಮನ್ನೂ ಕಳಕೊಳ್ಳೂದು ಬ್ಯಾಡ ಅಂತ." ಆಮೇಲೆ, "ನೀವು ನಾ ಉಣ್ಣಲಿ ಅಂತ ಅಂದ್ರಿ, ಕೆಟ್ಟದಕ್ಕ ಅಂದಿಲ್ಲ" ಅಂದ.

ನನಗೆ ಅವನ ಮೇಲೂ ಸಿಟ್ಟು ಬಂತು ಸಿದ್ದಬಸಪ್ಪಾ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಬೈಯಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಈಗ ಕೇಳು. ಅಕ್ಕನೂ ತಪ್ಪಿದ್ದಾಳೆ, ಇನ್ನು ನನ್ನನ್ನು ಬಿಡುತ್ತಾಳೆ ಅಂತ ತಿಳಿಯಬೇಡ. ನನ್ನ ತಪ್ಪಿನಿಂದ ನಿನ್ನ ಸುಳ್ಳು ನಿಜವಾಗುವುದಿಲ್ಲ. ನಾನು ಭವಾನಿಗೆ ಬರೆಯುತ್ತೇನೆ. ನೀನು ಇಪ್ಪತ್ತೈದನೇ ತಾರೀಖು ಅಧಿಕಾರಿಯ ಮುಂದೆ ಹೋಗು. ವಕೀಲ ಏನಾದರೂ ಹೇಳಿಕೊಳ್ಳಲಿ. ಆಕೆಯ ರಕ್ತ ನಿನ್ನ ಪಂಚೆಗೆ ಹತ್ತಿತ್ತು ಅಂತ ನೀನೇ ಬರೆದಿದ್ದೀ, ಆ ಪಂಚೆ ಉಟ್ಟವನಾಗಿ ಮಾತಾಡು.

ಗುರುಲಿಂಗಮ್ಮ


ಹೊಳಗುಂದ
12 ಜೂನ್ 2024

ಭವಾನಿಗೆ,

ನಿನ್ನ ಟೀಚರ್ ಬರೆಯುತ್ತಿದ್ದೇನೆ. ಸುತ್ತುಬಳಸಿ ಬರೆಯುವುದಿಲ್ಲ.

ನಿನ್ನ ಅವ್ವನ ಕೈ ಮಷೀನಿಗೆ ಸಿಕ್ಕ ದಿನ ಮಧ್ಯಾಹ್ನ ಒಂದು ಗಂಟೆಗೆ ನನ್ನ ತಮ್ಮ ನನಗೆ ಫೋನ್ ಮಾಡಿ, ಘೋರವಾಗಿದೆ, ಉಳಿಯುವುದು ಕಷ್ಟ, ನಿನ್ನ ಅಪ್ಪನನ್ನು ಕೂಡಲೇ ಕಳಿಸು ಅಂದ. ನಾನು ನಿನ್ನ ಅಪ್ಪನ ಹತ್ತಿರ ಹೋಗಿ ಸ್ವಲ್ಪ ಪೆಟ್ಟಾಗಿದೆ, ಉಂಡು ನಿಧಾನ ಹೋಗು ಅಂದೆ. ಅವನು ನನ್ನನ್ನು ನಂಬಿದ. ನಂಬಿ ಉಂಡ. ನಿನ್ನ ಅವ್ವ ಸಂಜೆ ಐದೂವರೆತನಕ ಎಚ್ಚರವಾಗಿದ್ದು ಅವನನ್ನು ಕೇಳುತ್ತಿದ್ದಳು.

ನೀನು ಅಪ್ಪನಿಗೆ ಅಂದ ಮಾತು ನನಗೆ ಸಲ್ಲಬೇಕಾದದ್ದು. ನೀನು ಅನ್ನುವಾಗ ನಾನು ನಿನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ, ನಿನ್ನ ಕಣ್ಣಿಗೆ ಕೆಟ್ಟವಳಾಗುತ್ತೇನೆ ಅಂತ ಹೆದರಿದೆ. ನಾಲ್ಕು ತಿಂಗಳು ಹೆದರಿಕೊಂಡೇ ಇದ್ದೆ. ಅಷ್ಟು ದಿನವೂ ನಿನ್ನ ಅಪ್ಪ ಆ ಮಾತನ್ನು ಹೊತ್ತುಕೊಂಡಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ನಿನಗೆ ನಾನೊಬ್ಬಳಾದರೂ ಉಳಿಯಲಿ ಅಂತ ಹೇಳಲಿಲ್ಲವಂತೆ.

ಕ್ಷಮಿಸು ಅಂತ ಕೇಳುವುದಿಲ್ಲ. ಕ್ಷಮಿಸಲೂ ಬೇಡ. ಅಪ್ಪನ ಹತ್ತಿರ ಹೋಗು. ಇಪ್ಪತ್ತೈದಕ್ಕೆ ಆದೋನಿಯಲ್ಲಿ ವಿಚಾರಣೆ ಇದೆ, ಅವನು ಒಬ್ಬನೇ ಹೋಗಬಾರದು.

ಗುರುಲಿಂಗಮ್ಮ


ಆದೋನಿ
28 ಜೂನ್ 2024

ಅಕ್ಕಗ,

ಹೋಗಿದ್ದೆ. ಹೇಳೀನಿ.

ಜಾಲರಿ ಡಿಸೆಂಬರಿನಾಗ ಬಿಚ್ಚಿದ್ದು ನನಗ ಗೊತ್ತಿತ್ತು, ನಾ ಬ್ಯಾಡ ಅನಲಿಲ್ಲ ಅಂದೆ. ಮಷೀನ್ ನಿಲ್ಲಿಸಲಾರದ ಕೈ ಹಾಕಿಸಿದ್ದು ನಮ್ಮ ಮೇಸ್ತ್ರಿ ಅಂದೆ. ಆಕಿ ಅಂಗಿ ತೊಟ್ಟಿದ್ದಳು, ಸೆರಗಿನ ಮಾತು ಸುಳ್ಳು, ಆ ಸುಳ್ಳಿನ ಕೆಳಗ ಸಹಿ ಮಾಡಿದಾವ ನಾನೇ ಅಂದೆ. ತಿಪ್ಪೇಶ ನಡುವ ಬಾಯಿ ಹಾಕಾಕ ಬಂದ, ಸುಮ್ನಿರಲೇ ಅಂತ ಅಲ್ಲೇ ಒದರಿದೆ. ಅಧಿಕಾರಿ ಬರಕೊಂಡ. ಹೇಳಿಕಿ ತಿದ್ದಿಸ್ಯಾರ. ಮಿಲ್ಲಿಗೆ ಸದ್ಯ ಬೀಗ ಬಿದ್ದೈತಿ. ಮುಂದ ಏನು ಅಂತ ನನಗೂ ಗೊತ್ತಿಲ್ಲ.

ಏನಾಗಿತ್ತು ನಿನ್ನ ಬಾಯಿಲೆ ಹೇಳು ಅಂತ ಅಧಿಕಾರಿ ಕೇಳಿದಾಗ ನಾ ಏನಂದೆ ಅಂತ ನಿನಗ ಬ್ಯಾರೆ ಹೇಳಬೇಕಾಗಿಲ್ಲ. ಪಾಯಸಕ್ಕ ಅನ್ನೂ ಪದ ಅಲ್ಲ ಅದು ಅಂತ ಅವತ್ತು ನನಗೂ ತಿಳೀತು.

ಭೀಮಲಿಂಗಪ್ಪ ಬಂದಿದ್ದ. ಭವಾನಿ ಅವನ ಬಾಜೂಕ ಕುಂತಿದ್ದಳು. ನನ್ನ ಕಡೆ ಒಂದ್ಸಲ ಸೈತ ನೋಡಲಿಲ್ಲ.

ಸೋಮೇಶ ಮಾತಾಡಿಸೂದಿಲ್ಲ. ಮುದುಕಗ ಅರಳುಮರಳು ಅಂತ ವಕೀಲರ ಮುಂದ ಅಂದಾನಂತ. ನೀ ಮಾತ್ರ ಈಗಿಂದೀಗ ಓಡಿ ಬಂದು ನನ್ನ ಬೆನ್ನು ಚಪ್ಪರಿಸಬ್ಯಾಡ. ನಿನ್ನ ಮ್ಯಾಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮ್ಯಾಲೆ ನಾನೇ ಫೋನ್ ಮಾಡ್ತೀನಿ.

ಸಿದ್ದಬಸಪ್ಪ


ಹೊಳಗುಂದ, ನಮ್ಮ ಮನೆ
6 ಜುಲೈ 2024, ಶನಿವಾರ

ಟೀಚರ್,

ನಿಮ್ಮ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ಆದರೂ ಬರೆದು ಪಕ್ಕದ ಮನೆಯ ಆದೆಪ್ಪಜ್ಜನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಮುಖ ನೋಡಿದರೆ ನನಗೆ ಏನು ಬಾಯಿಗೆ ಬರುತ್ತದೋ ಗೊತ್ತಿಲ್ಲ.

ನಿಮ್ಮ ಕಾಗದ ಬಂದಾಗ ನಾನು ಮದ್ದಿಕೇರದಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಮೆಡಿಕಲ್ ಶಾಪಿನಲ್ಲಿದ್ದೆ. ಅಲ್ಲೇ ನಿಂತು ಓದಿ, ಅಲ್ಲೇ ಕೂತುಬಿಟ್ಟೆ. ಮಾಲೀಕರು ಏನಾಯಿತಮ್ಮಾ ಅಂತ ನೀರು ಕೊಟ್ಟರು. ನಾಲ್ಕು ತಿಂಗಳು ನಾನು ಅಪ್ಪನಿಗೆ ಏನೇನು ಅಂದೆ ನಿಮಗೆ ಗೊತ್ತಾ? ನಿಮಗೆ ಗೊತ್ತಿರುವುದು ಹತ್ತು ಜನರ ಮುಂದೆ ಅಂದದ್ದು ಮಾತ್ರ. ಆಮೇಲೂ ಅಂದಿದ್ದೇನೆ. ಯುಗಾದಿಗೆ ಅಪ್ಪ ಮದ್ದಿಕೇರಕ್ಕೆ ಬೇವು ಬೆಲ್ಲ ತಂದಿದ್ದ, ಬಸ್ಸಿನಲ್ಲಿ, ಡಬ್ಬಿಯಲ್ಲಿ ಹಾಕಿಕೊಂಡು. ಬಾಗಿಲಲ್ಲೇ ನಿಲ್ಲಿಸಿ, "ಉಂಡು ಬಂದೀಯೋ, ಉಣ್ಣಾಕ ಬಂದೀಯೋ?" ಅಂದೆ. ಡಬ್ಬಿ ಕಟ್ಟೆಯ ಮೇಲಿಟ್ಟು ಹೊರಟುಹೋದ. ನೀವು ಒಂದು ಮಾತು ಮೊದಲೇ ಹೇಳಿದ್ದರೆ ನಾನು ಹಾಗೆ ಅನ್ನುತ್ತಿರಲಿಲ್ಲ ಟೀಚರ್. ಅವ್ವನದು ನಿಮ್ಮ ತಮ್ಮನವರ ಮಿಲ್ಲಿನಿಂದ ಆಯಿತು. ಇದು ಪೂರ್ತಿ ನಿಮ್ಮಿಂದ ಆಯಿತು.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ, ಈಗಂತೂ ಇಲ್ಲ.

ವಿಚಾರಣೆ ಮುಗಿಸಿಕೊಂಡು ಅಪ್ಪನ ಜೊತೆ ಊರಿಗೆ ಬಂದೆ. ಇಲ್ಲೇ ಇರುತ್ತೇನೆ. ಬಂದ ಮೇಲೆ ಗೊತ್ತಾಯಿತು, ಅಪ್ಪ ಅವ್ವ ಹೋದ ದಿನದಿಂದ ಮಧ್ಯಾಹ್ನ ಉಣ್ಣುವುದೇ ಇಲ್ಲ. ಬುತ್ತಿ ಕಟ್ಟಿ ಕೊಟ್ಟರೆ ಒಯ್ಯುತ್ತಾನೆ, ನಾಯಿಗೆ ಹಾಕಿ ಬರುತ್ತಾನೆ. ಬೆಳಿಗ್ಗೆ ಒಂದು ಲೋಟ ಚಹಾ, ಸಂಜೆ ನಿಂತುಕೊಂಡೇ ಅರ್ಧ ರೊಟ್ಟಿ. ಎದೆಯ ಎಲುಬು ಎಣಿಸಬಹುದು. ನಾನು ತಪ್ಪಾಯಿತು ಅಂತ ಕಾಲು ಹಿಡಿದೆ. "ನಿಂದೇನ್ ತಪ್ಪಿಲ್ಲವ್ವಾ" ಅಂತ ತಲೆ ಸವರಿದ. ಆದರೆ ಉಣ್ಣಲು ಕೂರಲಿಲ್ಲ. ಬೈದೆ, ಅತ್ತೆ, ಊಟ ಬಿಟ್ಟು ನೋಡಿದೆ. "ಗಂಟಲಾಗ ಇಳಿಯೂದಿಲ್ಲವ್ವಾ, ಒತ್ತಾಯ ಮಾಡಬ್ಯಾಡ" ಅನ್ನುತ್ತಾನೆ.

ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಮಾತು ಅವನು ಕೇಳುತ್ತಿಲ್ಲ. ನಿಮ್ಮ ಮಾತು ಕೇಳುತ್ತಾನೆ.

ನಾಳೆ ಭಾನುವಾರ. ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮನೆಗೆ ಬನ್ನಿ. ರೊಟ್ಟಿ, ಪುಂಡಿಪಲ್ಯ ಮಾಡಿರುತ್ತೇನೆ. ನಾನು ನಿಮ್ಮನ್ನು ಮಾತಾಡಿಸುವುದಿಲ್ಲ, ಬಡಿಸುತ್ತೇನೆ ಅಷ್ಟೇ. ನೀವು ಅವನ ಎದುರು ಕೂತು ಉಣ್ಣು ಅಂತ ಹೇಳಿ.

ಭವಾನಿ